ಅಡಿಕೆ ತೋಟದ ಲಿವರ್‌ವರ್ಟ್ ನಿಜಕ್ಕೂ ಎಲ್ಲ ಗಿಡಗಳ ಅಜ್ಜಿನಾ?

ಬಾಳೆಬರೆ ಬಸ್ಸು:

ಮಳೆ ಹಿಡಿದರೆ ಸಾಕು, ನಮ್ಮ ತೋಟದ ಬಸಿಗಾಲುವೆ ಅಂಚಲ್ಲಿ, ಧರೆಯಲ್ಲಿ, ಬಾವಿಕಟ್ಟೆಯ ಜಂಬಿಟ್ಟಿಗೆ ಮೇಲೆ ಹಸಿರು ಪಟ್ಟಿಯಂಥದ್ದು ಹರಡಿಕೊಳ್ಳುತ್ತದೆ. ಎಲೆ ಅಂತಿಲ್ಲ, ಕಾಂಡ ಅಂತಿಲ್ಲ. ನೆಲಕ್ಕೆ ಅಂಟಿಕೊಂಡು ಎರಡೆರಡಾಗಿ ಕವಲೊಡೆಯುತ್ತಾ ಹೋಗುತ್ತದೆ. ಮೈಮೇಲೆ ಪುಟ್ಟ ಬಟ್ಟಲು, ಬಟ್ಟಲಲ್ಲಿ ಸಾಸಿವೆಗಿಂತ ಚಿಕ್ಕ ಹಸಿರು ಬಿಲ್ಲೆಗಳು. ಇದು ಮಾರ್ಕಾಂಶಿಯಾ, ಲಿವರ್‌ವರ್ಟ್ ಗುಂಪಿನದು ಅಂತ ಪಿಯುಸಿ ಓದುವ ಅಣ್ಣನ ಮಗಳು ಹೇಳಿದಳು. ಅವಳ ನೋಟ್ಸಲ್ಲಿ ‘ನೆಲಕ್ಕೆ ಬಂದ ಮೊದಲ ಗಿಡ’ ಅಂತಲೂ ಬರೆದಿದೆ.

ಅಷ್ಟು ಹಳೇದಾದರೆ ಇದರ ಪಳೆಯುಳಿಕೆ ನಮ್ಮ ಘಟ್ಟದ ಕಲ್ಲಲ್ಲಿ ಸಿಗಬೇಕಲ್ವಾ? ಮತ್ತೆ, ಇದನ್ನು ಎಲ್ಲ ಗಿಡಗಳ ಅಜ್ಜಿ ಅಂತ ಕರೆಯಬಹುದಾ? ಗೊತ್ತಿದ್ದವರು ಹೇಳಿ.

ಕರಿಕಲ್ಲು:

ಮೊದಲನೇದಕ್ಕೆ ನಾನು ಉತ್ತರ ಕೊಡುತ್ತೇನೆ. ಸಿಗಲ್ಲ.

ನಮ್ಮ ಕಲ್ಲು ಹಳೇದು ನಿಜ, ಆದರೆ ವಿಪರೀತ ಹಳೇದು. ಶಿವಮೊಗ್ಗದ ಪದರಶಿಲೆ ಪಟ್ಟಿ ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. 250 ಕೋಟಿ ವರ್ಷಕ್ಕೂ ಹಿಂದಿನದು. ಅದರ ಅಡಿಯ ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲು 300 ಕೋಟಿ ದಾಟುತ್ತದೆ. ನೆಲದ ಮೇಲೆ ಗಿಡ ಕಾಣಿಸಿಕೊಂಡಿದ್ದು 50 ಕೋಟಿ ವರ್ಷದ ಆಸುಪಾಸಿನಲ್ಲಿ. ನಮ್ಮ ಕಲ್ಲು ಹುಟ್ಟಿ, ಬೆಂದು, ಮಡಚಿಕೊಂಡು, ತಣ್ಣಗಾಗಿ 200 ಕೋಟಿ ವರ್ಷ ಕಳೆದ ಮೇಲೆ ಗಿಡ ಬಂತು. ಕುಂಸಿ ಕಡೆಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳು ನೀರಿನಡಿ ಪದರ ಪದರವಾಗಿ ಬೆಳೆದು ಬಿಟ್ಟುಹೋದ ಗುರುತು ಅವು. ನಮ್ಮ ಜಿಲ್ಲೆಯ ಹಳೇ ಜೀವ ಅಂದರೆ ಅದೇ. ಗಿಡ ಅಲ್ಲ.

ಮೇಲಿನ ಜಂಬಿಟ್ಟಿಗೆ ಹೊಸದು, ಅದರಲ್ಲಾದರೂ ಇರಬಹುದು ಅಂತ ಯಾರೋ ಕೇಳೇ ಕೇಳುತ್ತೀರಿ. ಪಳೆಯುಳಿಕೆ ಆಗಬೇಕಾದರೆ ಗಾಳಿಯಾಡದ ನುಣ್ಣನೆ ಕೆಸರು ಬೇಕು, ಬೇಗ ಮುಚ್ಚಿಹೋಗಬೇಕು. ಜಂಬಿಟ್ಟಿಗೆ ಆಗೋದು ಇದರ ತದ್ವಿರುದ್ಧವಾಗಿ. ಮಳೆ ಇಳಿದು ಇಳಿದು ಕಲ್ಲಿನ ಸತ್ವ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಉಳಿಸುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಅದರಲ್ಲಿ ಎಲೆ ಉಳಿಯುವುದೇ ಕಷ್ಟ, ಇನ್ನು ಇಂಥ ನೀರುನೀರು ಗಿಡ ಎಲ್ಲಿಂದ ಉಳಿಯಬೇಕು?

ಗಿಡ ನೆಲಕ್ಕೆ ಬಂದ ಆರ್ಡೊವಿಶಿಯನ್ ಕಾಲದ ಪದರ ಭಾರತದಲ್ಲೇ ನೋಡಬೇಕು ಅಂದರೆ ಹಿಮಾಲಯದ ಸ್ಪಿತಿಗೆ ಹೋಗಿ. ಅಲ್ಲಿರೋದೂ ಆಗಿನ ಸಮುದ್ರದ ತಳ.

ಕೈಮಸೂರ:

ಎರಡನೇ ಪ್ರಶ್ನೆ ನನ್ನ ಇಷ್ಟದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅಜ್ಜಿ ಅಂತ ಕರೆಯಲು ಜನಕ್ಕೆ ಕಾರಣ ಇತ್ತು. ಲಿವರ್‌ವರ್ಟ್‌ಗೆ ಬೇರಿಲ್ಲ, ಒಂದೊಂದೇ ಜೀವಕೋಶದ ಕೂದಲಿನಂಥ ಎಳೆಗಳಿವೆ ಅಷ್ಟೇ. ನೀರು ಸಾಗಿಸುವ ಗಟ್ಟಿ ನಾಳ ಇಲ್ಲ. ಸ್ಟೊಮಾಟಾ, ಅಂದರೆ ಬೇಕಾದಾಗ ತೆರೆದು ಮುಚ್ಚುವ ಉಸಿರಾಟದ ಬಾಯಿ, ಅದೂ ಇಲ್ಲ. ಮಾಸ್‌ಗಳಲ್ಲಿ, ಹಾರ್ನ್‌ವರ್ಟ್‌ಗಳಲ್ಲಿ (ಇವೂ ಲಿವರ್‌ವರ್ಟ್‌ನಂಥ ಬೇರಿಲ್ಲದ ಪುಟ್ಟ ಗಿಡಗಳೇ) ಅದು ಇದೆ. ಹಾಗಾಗಿ ಸ್ಟೊಮಾಟಾ ಹುಟ್ಟುವ ಮೊದಲೇ ಲಿವರ್‌ವರ್ಟ್ ಬೇರೆ ಕವಲಾಯಿತು ಅಂತ ಲೆಕ್ಕ ಹಾಕಿದರು. 1998ರಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎಯಿಂದಲೂ ಬೆಂಬಲ ಸಿಕ್ಕಿತು. ಬೇರೆ ಎಲ್ಲ ನೆಲಗಿಡಗಳಲ್ಲಿ ಕಾಣುವ ಮೂರು ಇಂಟ್ರಾನ್‌ಗಳು, ಅಂದರೆ ಜೀನ್ ನಡುವೆ ಸೇರಿಕೊಂಡ ಡಿಎನ್‌ಎ ತುಂಡುಗಳು, ಲಿವರ್‌ವರ್ಟ್‌ನಲ್ಲಿ ಇರಲಿಲ್ಲ.

ಇನ್ನು ಪಳೆಯುಳಿಕೆ. ಅತಿ ಹಳೇದು ಅಂತ ಸಿಗೋದು ಗಿಡ ಅಲ್ಲ, ಸ್ಪೋರ್ ಮಾತ್ರ, ಅಂದರೆ ಇಂಥ ಗಿಡಗಳು ಬೀಜದ ಬದಲು ಉದುರಿಸುವ ಪುಡಿಯಂಥ ಕಣ. ಅರ್ಜೆಂಟೀನಾದ ವಾಯವ್ಯ ಭಾಗದಲ್ಲಿ ಸುಮಾರು 47 ಕೋಟಿ ವರ್ಷ ಹಿಂದಿನ ಪದರದಿಂದ ತೆಗೆದಿದ್ದು 2010ರಲ್ಲಿ ಪ್ರಕಟವಾಯಿತು. 2021ರಲ್ಲಿ ಆಸ್ಟ್ರೇಲಿಯಾದಿಂದ 48 ಕೋಟಿ ವರ್ಷ ಹಿಂದಿನವೂ ಬಂದವು. ಇವಕ್ಕೆ ಕ್ರಿಪ್ಟೊಸ್ಪೋರ್ ಅಂತಾರೆ. ಇಂದಿನ ಸ್ಪೋರ್‌ಗಳು ಬಿಡಿಬಿಡಿಯಾಗಿ ಉದುರುತ್ತವೆ. ಹಳೇವು ನಾಲ್ಕು ನಾಲ್ಕು, ಎರಡೆರಡು ಅಂಟಿಕೊಂಡೇ ಇವೆ. ಕೆಲವಕ್ಕೆ ಹೊರಗೊಂದು ತೆಳು ಹೊದಿಕೆ. ನಾಲ್ಕು ಸ್ಪೋರ್ ಕೊನೆತನಕ ಬಿಡದೆ ಅಂಟಿಕೊಂಡಿರುವ ಗಿಡ ಇವತ್ತೂ ಇದೆ. ಸ್ಫೀರೊಕಾರ್ಪಸ್‌ನ ಕೆಲವು ಜಾತಿಗಳು. ಅದು ಲಿವರ್‌ವರ್ಟ್! ಅಮೆರಿಕದ ಜೇನ್ ಗ್ರೇ ಈ ಹೋಲಿಕೆ ಹಿಡಿದೇ ಮೊದಲ ನೆಲಗಿಡಗಳು ಲಿವರ್‌ವರ್ಟ್ ಥರದವು ಅಂತ ವಾದ ಮಾಡಿದ್ದು.

ಒಪ್ಪದವನು:

ಅಲ್ಲ ಮಾರಾಯ್ರೆ, ಪುಡಿಗಿಂತ ಸಣ್ಣ ಸ್ಪೋರ್ ನೋಡಿ ಗಿಡ ಯಾವುದು ಅಂತ ಹೇಳೋದಾ? ಯಾವುದೋ ಪಾಚಿ ಜಾತಿಯದ್ದೂ ಹಾಗೇ ಅಂಟಿಕೊಂಡಿರಬಹುದಲ್ಲ. ಅಷ್ಟು ವರ್ಷ ಕಲ್ಲೊಳಗೆ ಸ್ಪೋರ್ ಕೊಳೆಯದೆ ಉಳಿದಿದ್ದು ಹೇಗೆ, ಅದನ್ನೂ ಹೇಳಿ.

ಕೈಮಸೂರ:

ಉಳಿಯೋದಕ್ಕೆ ಕಾರಣ ಸ್ಪೋರೊಪೊಲ್ಲೆನಿನ್. ಸ್ಪೋರ್‌ನ ಹೊರಗೋಡೆ ಅದರದ್ದು. ಅದು ಎಷ್ಟು ಗಟ್ಟಿ ಅಂದರೆ, ಕಲ್ಲನ್ನು ಹೈಡ್ರೊಫ್ಲೋರಿಕ್ ಆಸಿಡ್‌ನಲ್ಲಿ ಹಾಕಿ ಪೂರ್ತಿ ಕರಗಿಸುತ್ತಾರೆ. ಗಾಜನ್ನೂ ತಿನ್ನುವ ಆಸಿಡ್ ಅದು. ಕಲ್ಲು ಹೋಗುತ್ತದೆ, ಸ್ಪೋರ್ ಉಳಿಯುತ್ತದೆ. ಆಮೇಲೆ ಮೈಕ್ರೊಸ್ಕೋಪ್ ಕೆಳಗಿಟ್ಟು ಒಂದೊಂದೇ ನೋಡೋದು.

ಪಾಚಿಯದ್ದೂ ಆಗಿರಬಹುದಲ್ಲ ಅನ್ನೋ ನಿಮ್ಮ ಸಂಶಯ ಒಳ್ಳೆಯದೇ, ತಜ್ಞರೂ ಅದನ್ನು ಕೇಳಿದ್ದಾರೆ. ಅದಕ್ಕೇ 2003ರ ಒಮಾನ್ ಕೆಲಸ ಮುಖ್ಯ. ಎಣ್ಣೆ ಹುಡುಕಲು ಕೊರೆದ ಬಾವಿಯಿಂದ ಬಂದ ಕಲ್ಲು, ಸುಮಾರು 45 ಕೋಟಿ ವರ್ಷದ್ದು. ಅದರಲ್ಲಿ ಬಿಡಿ ಸ್ಪೋರ್ ಮಾತ್ರ ಅಲ್ಲ, ಸ್ಪೋರ್ ಕಿಕ್ಕಿರಿದ ಚೀಲದ ಚೂರುಗಳೇ ಸಿಕ್ಕವು. ಮೇಲೆ ಗಿಡದ ಸಿಪ್ಪೆಯಂಥ ಪೊರೆ ಇನ್ನೂ ಅಂಟಿಕೊಂಡಿತ್ತು. ಎಲೆಕ್ಟ್ರಾನ್ ಮೈಕ್ರೊಸ್ಕೋಪ್‌ನಲ್ಲಿ ಸ್ಪೋರ್ ಗೋಡೆಯನ್ನು ಅಡ್ಡ ಕೊಯ್ದು ನೋಡಿದರೆ ಸಮಾನಾಂತರ ತೆಳು ಹಾಳೆಗಳು ಒಂದರ ಮೇಲೊಂದು. ಲಿವರ್‌ವರ್ಟ್‌ಗಳ ಗೋಡೆಗೆ ಹತ್ತಿರದ ಕಟ್ಟಣೆ. ಸ್ಪೋರ್ ಚೀಲ ಕಟ್ಟುವ ನೆಲಗಿಡ ಅಂತ ಅಲ್ಲಿಗೆ ಗಟ್ಟಿಯಾಯಿತು.

ಆದರೆ ಗಮನಿಸಿ, ನೆಲಗಿಡ ಅಂತ ಗಟ್ಟಿಯಾಯಿತು. ಲಿವರ್‌ವರ್ಟೇ ಅಂತ ಆಗಲಿಲ್ಲ. ಹೋಲುತ್ತದೆ ಅಂತ ಅಷ್ಟೇ.

ಕಾನುಮನೆ:

ಸಾಗರದಿಂದ. ನಮ್ಮಲ್ಲಿ ಧರೆ ಕೆರೆದು ಬಿಸಾಡಿದರೆ ಈ ಲಿವರ್‌ವರ್ಟ್ ಎರಡು ದಿನದಲ್ಲಿ ಕರಗಿ ಲೋಳೆಯಾಗುತ್ತದೆ. ಇಂಥದ್ದರ ಮೈ ಎಲ್ಲಾದರೂ ಕಲ್ಲಾಗಿ ಸಿಕ್ಕಿದೆಯಾ? ಸ್ಪೋರ್ ಬೇಡ, ಹೀಗೆ ಕಣ್ಣಿಗೆ ಕಾಣೋ ಪಟ್ಟಿ.

ಕೈಮಸೂರ:

ಸಿಕ್ಕಿದೆ, ಕಡಿಮೆ. ಸಿಕ್ಕಿದ್ದರಲ್ಲಿ ಕೆಲವು ಸೊಗಸಾಗಿವೆ.

ಚೀನಾದ ಯುನ್ನಾನ್‌ನಲ್ಲಿ ಸುಮಾರು 41 ಕೋಟಿ ವರ್ಷ ಹಿಂದಿನ ಒಂದು ಪಟ್ಟಿ, ರಿಕಾರ್ಡಿಯೊಥ್ಯಾಲಸ್ ಡೆವೊನಿಕಸ್, 2012ರಲ್ಲಿ ವರದಿಯಾಯಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕೈರೋ ಎಂಬ ಊರಿನ ಕ್ವಾರಿಯಲ್ಲಿ ಸುಮಾರು 39 ಕೋಟಿ ವರ್ಷದ ಮೆಟ್ಜ್‌ಗೆರಿಯೊಥ್ಯಾಲಸ್ ಶರೋನೆ, 2008ರಲ್ಲಿ. ಅದಕ್ಕೂ ಮೊದಲು, 1961ರಲ್ಲೇ, ಅದೇ ರಾಜ್ಯದ ಸ್ವಲ್ಪ ಈಚಿನ ಪದರದಿಂದ ಒಂದು ಬಂದಿತ್ತು. ಈಗ ಅದಕ್ಕೆ ಪಲ್ಲವಿಸಿನೈಟಿಸ್ ಅಂತ ಹೆಸರು.

ಕೈರೋದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೂದು ಕಲ್ಲಿನ ಮೇಲೆ ಕಪ್ಪು ತೆಳು ಪೊರೆ, ನಡುವೆ ಒಂದು ನರ, ಎರಡೆರಡಾಗಿ ಕವಲು. ನಿಮ್ಮ ಧರೆಯಲ್ಲಿ ಇರೋದರ ಹಾಗೇ. 2014ರಲ್ಲಿ ಅದನ್ನು ಮತ್ತೆ ನೋಡಿದವರಿಗೆ ಅಂಚಿನಲ್ಲಿ ಕಚ್ಚಿದ ಗುರುತು, ನಡುವೆ ತೂತು, ಚುಚ್ಚಿದ ಕಲೆ ಕಂಡವು. ಕಚ್ಚಿದ ಜಾಗದ ಸುತ್ತ ಗಿಡ ದಪ್ಪಗಾಗಿ ಗಾಯ ಮುಚ್ಚಿಕೊಂಡಿದೆ. ಅಂದರೆ ಸತ್ತ ಮೇಲೆ ತಿಂದಿದ್ದಲ್ಲ, ಬದುಕಿದ್ದಾಗಲೇ ತಿಂದಿದ್ದು. ಕೀಟಗಳ ದೂರದ ನೆಂಟರು ಯಾವುದೋ ಇರಬೇಕು. ಜೊತೆಗೆ ಮೈಯೆಲ್ಲ ಕಪ್ಪು ಚುಕ್ಕಿಗಳಿದ್ದವು. ಇಂದಿನ ಲಿವರ್‌ವರ್ಟ್‌ಗಳ ಜೀವಕೋಶದಲ್ಲಿ ಎಣ್ಣೆ ಹನಿಗಳಂಥ ವಿಶೇಷ ಭಾಗ ಇರುತ್ತದೆ, ಬೇರೆ ಯಾವ ಗಿಡದಲ್ಲೂ ಇಲ್ಲ. ಕಹಿ, ಖಾರದ ರಾಸಾಯನಿಕಗಳು ಅದರಲ್ಲಿ ತುಂಬಿರುತ್ತವೆ. ಹಸು ಮೂಸಿ ಬಿಟ್ಟುಹೋಗುವುದು ಸುಮ್ನೆ ಅಲ್ಲ. ಆ ಕಪ್ಪು ಚುಕ್ಕಿ ಅಂಥ ಎಣ್ಣೆಕೋಶಗಳೇ ಅಂತ ಅವರ ತೀರ್ಮಾನ. ತಿನ್ನೋರು, ತಿನ್ನಿಸಿಕೊಳ್ಳದ ಉಪಾಯ, ಎರಡೂ ಅಷ್ಟು ಹಿಂದೆಯೇ ಇದ್ದವು.

ಕಾನುಮನೆಯವರು ಕರಗಿ ಲೋಳೆಯಾಗುತ್ತೆ ಅಂದಿರಲ್ಲ, ಅದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಇಂದಿನ ಮಾರ್ಕಾಂಶಿಯಾ ಥರದವನ್ನು ಕೊಳೆಸಿ, ಆಸಿಡ್‌ನಲ್ಲಿ ಬೇಯಿಸಿ, ಏನು ಉಳಿಯುತ್ತದೆ ಅಂತ 2004ರಲ್ಲಿ ಅಮೆರಿಕದ ಒಂದು ತಂಡ ನೋಡಿತು. ಉಳಿದ ಚಿಂದಿ ಮತ್ತು ಕೊಳವೆಗಳು, ಆದಿಕಾಲದ ಕಲ್ಲುಗಳಲ್ಲಿ ಯಾವುದರದ್ದು ಅಂತ ತಿಳಿಯದೆ ಬಿದ್ದಿದ್ದ ಚೂರುಗಳನ್ನು ತುಂಬಾ ಹೋಲುತ್ತಿದ್ದವು. ಗಿಡವೇ ಸಿಗದ ಕಾಲದಲ್ಲೂ ಅದರ ಚಿಂದಿ ಎಲ್ಲೋ ಡಬ್ಬಿಯಲ್ಲಿ ಬಿದ್ದಿರಬಹುದು.

ಕರಿಕಲ್ಲು:

ಕಲ್ಲಿದ್ದಲ ಕಾಲದವೂ ಇವೆ. ಬ್ರಿಟನ್ನಿನ ಜಾನ್ ವಾಲ್ಟನ್ 1925ರಲ್ಲಿ ವಿವರಿಸಿದ್ದು. ಆತನ ಕೈಚಳಕ ನನಗೆ ಇಷ್ಟ. ಪಳೆಯುಳಿಕೆ ಇರುವ ಮುಖವನ್ನು ಕೆನಡಾ ಬಾಲ್ಸಮ್ ಅಂಟಿನಿಂದ ಗಾಜಿಗೆ ಅಂಟಿಸಿ, ಹಿಂದಿನ ಕಲ್ಲನ್ನು ಆಸಿಡ್‌ನಿಂದ ಕರಗಿಸಿಬಿಡೋದು. ಗಾಜಿನ ಮೇಲೆ ಗಿಡ ಮಾತ್ರ ಉಳಿಯುತ್ತದೆ, ಅದರ ಅಡಿಭಾಗ ನಮ್ಮ ಕಡೆ.

ಇಂಗ್ಲೆಂಡಿನ ನಯಾಡಿಟಾವನ್ನೂ ಮರೆಯಬೇಡಿ. ಸುಮಾರು 20 ಕೋಟಿ ವರ್ಷದ್ದು. ಅದು ಏನು ಗಿಡ ಅಂತ ಬಹಳ ಕಾಲ ಗೊಂದಲ ಇತ್ತು. 1938ರಲ್ಲಿ ಟಾಮ್ ಹ್ಯಾರಿಸ್ ಚೂರು ಚೂರು ಜೋಡಿಸಿ ಲಿವರ್‌ವರ್ಟ್ ಅಂತ ತೋರಿಸಿದ. ಎಲೆ, ಹೆಣ್ಣು ಅಂಗ, ಸ್ಪೋರ್ ಚೀಲ, ಬಿಲ್ಲೆ ತುಂಬಿದ ಬಟ್ಟಲು, ಎಲ್ಲ ಇತ್ತು. ಬಸ್ಸಿನವರು ಕೇಳಿದ ಬಟ್ಟಲು ಅಂಥದ್ದೇ. ಮಳೆಹನಿ ಬಿದ್ದರೆ ಬಿಲ್ಲೆ ಸಿಡಿದು ಆಚೆ ಹೋಗಿ ಹೊಸ ಗಿಡ ಆಗುತ್ತದೆ.

ಒಪ್ಪದವನು:

ಈಗ ನನ್ನ ತಕರಾರು ಕೇಳಿ. ಕುಕ್ಸೋನಿಯಾ ಅಂತ ಒಂದು ಗಿಡ ಓದಿದ್ದು ನೆನಪಿದೆ. ಕವಲು ಕಡ್ಡಿ, ತುದಿಯಲ್ಲಿ ಸ್ಪೋರ್ ಚೀಲ. ಅದು 43 ಕೋಟಿ ವರ್ಷದ್ದು. ನೀವು ಕೊಟ್ಟ ಅತಿ ಹಳೇ ಲಿವರ್‌ವರ್ಟ್ ಮೈ 41 ಕೋಟಿ. ಅಂದರೆ ಮೊಮ್ಮಗಳು ಅಜ್ಜಿಗಿಂತ ಮೊದಲು ಹುಟ್ಟಿದಳಾ?

ಕೈಮಸೂರ:

ಇದೇ ಪ್ರಶ್ನೆಗೆ ಕಾಯುತ್ತಿದ್ದೆ.

ಪಳೆಯುಳಿಕೆ ಅಷ್ಟನ್ನೇ ನೋಡಿದರೆ ನೀವು ಹೇಳಿದ್ದು ಸರಿ. ಕಡ್ಡಿ ಗಟ್ಟಿ, ಪಟ್ಟಿ ಮೆತ್ತಗೆ, ಅದಕ್ಕೆ ಪಟ್ಟಿ ಉಳಿಯಲಿಲ್ಲ ಅಂತ ಸಮಾಧಾನ ಹೇಳಿಕೊಳ್ಳಬಹುದು. ಅದರಲ್ಲಿ ನಿಜವೂ ಇದೆ. ಆದರೆ ನನಗೆ ಅನ್ನಿಸೋದು ಬೇರೆ. ನಾವು ‘ಸರಳ ಇದೆ, ಆದ್ದರಿಂದ ಹಳೇದು’ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ಪಳೆಯುಳಿಕೆ ಹುಡುಕಲು ಹೋದೆವು.

2018ರಿಂದ ಈಚೆಗೆ ನೂರಾರು ಜೀನ್‌ಗಳನ್ನು ಒಟ್ಟಿಗೆ ಇಟ್ಟು ವಂಶವೃಕ್ಷ ಬರೆದಾಗ ಚಿತ್ರ ಬದಲಾಗಿದೆ. ಲಿವರ್‌ವರ್ಟ್ ಮತ್ತು ಮಾಸ್ ಅಕ್ಕತಂಗಿಯರು. ಹಾರ್ನ್‌ವರ್ಟ್ ಅವರ ಜೊತೆಗೇ ಸೇರುತ್ತದೆ. ಈ ಮೂರೂ ಒಂದು ಕವಲು, ಜರೀಗಿಡದಿಂದ ಅಡಿಕೆ ಮರದ ತನಕ ಉಳಿದದ್ದೆಲ್ಲ ಇನ್ನೊಂದು ಕವಲು. ಎರಡೂ ಕವಲಿಗೆ ಒಂದೇ ವಯಸ್ಸು. ಹಾಗಾದರೆ ಲಿವರ್‌ವರ್ಟ್ ಅಡಿಕೆ ಮರಕ್ಕೆ ಅಜ್ಜಿ ಅಲ್ಲ, ದೂರದ ದಾಯಾದಿ.

ಹಾಗಾದರೆ ಸ್ಟೊಮಾಟಾ? ಇಬ್ಬರ ಸಮಾನ ಹಿರಿಯನಿಗೆ ಅದು ಇತ್ತು, ಲಿವರ್‌ವರ್ಟ್ ಕಳೆದುಕೊಂಡಿತು ಅಂತ ಈಗಿನ ವಾದ. 2020ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇದನ್ನು ಬಲವಾಗಿ ಮುಂದಿಟ್ಟರು. ಅದಕ್ಕಿಂತ ಮಜಾ ಇರೋದು 2023ರ ಜಪಾನ್ ಕೆಲಸದಲ್ಲಿ. ಬೇರೆ ಗಿಡಗಳಲ್ಲಿ ಸ್ಟೊಮಾಟಾ ಕಟ್ಟುವ ಜೀನ್‌ಗಳ ನೆಂಟರು ಮಾರ್ಕಾಂಶಿಯಾದಲ್ಲಿ ಇನ್ನೂ ಇವೆ. ಸ್ಪೋರ್ ಚೀಲವನ್ನು ಹೊರಗೆ ತಳ್ಳುವ ಪುಟ್ಟ ತೊಟ್ಟನ್ನು ಬೆಳೆಸುವ ಕೆಲಸ ಅವು ಈಗ ಮಾಡುತ್ತಿವೆ. ಬಾಯಿ ಹೋಯಿತು, ಅದನ್ನು ಕಟ್ಟುತ್ತಿದ್ದವರಿಗೆ ಬೇರೆ ಕೆಲಸ ಸಿಕ್ಕಿತು.

ಸರಳವಾಗಿ ಹುಟ್ಟಿದ್ದಲ್ಲ, ಸರಳ ಆಗಿದ್ದು. ಸರಳತೆ ನೋಡಿ ವಯಸ್ಸು ಹೇಳಬಾರದು ಅಂತ ನಾನು ಹೇಳೋದು ಅದಕ್ಕೇ. ‘ಜೀವಂತ ಪಳೆಯುಳಿಕೆ’ ಅನ್ನೋ ಹೆಸರೂ ನನಗೆ ಹಿಡಿಸಲ್ಲ. ಕಲ್ಲಲ್ಲಿ ಇರೋದು ಇವತ್ತಿನದರ ಹಾಗೆ ಕಂಡರೂ ನಡುವಿನ 39 ಕೋಟಿ ವರ್ಷ ಅದು ಸುಮ್ಮನೆ ಕೂತಿರಲಿಲ್ಲ.

ಮಲೆಪಾಠ:

ಪಿಯು ಪಾಠ ಮಾಡುವವನು ನಾನು. ಮೇಲಿನದಕ್ಕೆ ನಮ್ಮವರದ್ದೇ ಒಂದು ಹಳೇ ಕೊಂಡಿ ಇದೆ, ಯಾರೂ ಹೇಳಲಿಲ್ಲ. ಲಾಹೋರಿನಲ್ಲಿ ಪಾಠ ಮಾಡುತ್ತಿದ್ದ ಶಿವರಾಮ ಕಶ್ಯಪ್. ಭಾರತದ ಬ್ರಯಾಲಜಿಯ, ಅಂದರೆ ಮಾಸ್, ಲಿವರ್‌ವರ್ಟ್‌ಗಳ ಅಧ್ಯಯನದ, ಹಿರಿಯ. ಲಖನೌದ ಪುರಾಸಸ್ಯ ಸಂಸ್ಥೆ ಕಟ್ಟಿದ ಬೀರಬಲ್ ಸಾಹ್ನಿಗೆ ಪಾಠ ಹೇಳಿದವರು. ಹಿಮಾಲಯದ ಲಿವರ್‌ವರ್ಟ್‌ಗಳನ್ನು ನಡೆದು ನಡೆದು ಸಂಗ್ರಹಿಸಿದವರು. ಲಿವರ್‌ವರ್ಟ್‌ಗಳಲ್ಲಿ ಸರಳವಾದವು ಮೊದಲಿನವಲ್ಲ, ಸಂಕೀರ್ಣದಿಂದ ಇಳಿದು ಬಂದವು ಅಂತ ಅವರು 1919ರಲ್ಲೇ ಹೇಳಿದ್ದರು. ಆಗ ಡಿಎನ್‌ಎ ಓದೋದು ಎಲ್ಲಿತ್ತು? ಕಣ್ಣು, ಮಸೂರ, ಬ್ಲೇಡು ಅಷ್ಟೇ. ಅವರು ನೋಡಿದ್ದು ಲಿವರ್‌ವರ್ಟ್‌ಗಳ ಒಳಗಿನ ಇಳಿಕೆ, ಇವತ್ತಿನವರು ಹೇಳುತ್ತಿರೋದು ಇಡೀ ಗುಂಪಿನ ಇಳಿಕೆ. ಎರಡೂ ಒಂದೇ ಅಲ್ಲ. ಆದರೂ ದಿಕ್ಕು ಸರಿಯಿತ್ತು.

ಪರೀಕ್ಷೆಗೆ ಏನು ಬರೀಬೇಕು ಅಂತ ಬಸ್ಸಿನವರ ಅಣ್ಣನ ಮಗಳು ಕೇಳುತ್ತಾಳೆ. ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಮ್ಮ. ಅಂಕ ಕೊಡುವವರು ಪುಸ್ತಕ ನೋಡಿಯೇ ಕೊಡೋದು.

ಬಾಳೆಬರೆ ಬಸ್ಸು:

ಅವಳಿಗೆ ಓದಿ ಹೇಳಿದೆ, ನಕ್ಕಳು. ಇಳಿಕೆ ಆಗಿದ್ದನ್ನು ನಾವು ಕಣ್ಣಲ್ಲಿ ನೋಡೋಕೆ ಆಗುತ್ತಾ? ಮನೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಇದೆ.

ಕೈಮಸೂರ:

ಖಂಡಿತ. ಮೊದಲು ನಿಮ್ಮ ಮಾರ್ಕಾಂಶಿಯಾ ನೋಡಿ. ಮೈಮೇಲೆ ಸಣ್ಣ ಸಣ್ಣ ವಜ್ರಾಕಾರದ ಮನೆಗಳು ಕಾಣುತ್ತವೆ, ಪ್ರತಿ ಮನೆಯ ನಡುವೆ ಒಂದು ಬಿಳಿ ಚುಕ್ಕಿ. ಅದು ಗಾಳಿ ಒಳಗೆ ಹೋಗುವ ತೂತು. ಸ್ಟೊಮಾಟಾ ಅಲ್ಲ, ಯಾವಾಗಲೂ ತೆರೆದೇ ಇರುತ್ತದೆ.

ಆಮೇಲೆ ಹಳ್ಳದ ಪಕ್ಕ, ನೀರು ಸದಾ ಸೋರುವ ಬಂಡೆಗೆ ಹೋಗಿ. ಜಿಗಣೆ ನೋಡಿಕೊಳ್ಳಿ. ಅಲ್ಲಿ ದೊಡ್ಡ, ಕಡು ಹಸಿರು, ಹೆಚ್ಚುಕಮ್ಮಿ ಪಾರದರ್ಶಕ ಪಟ್ಟಿ ಸಿಗಬಹುದು. ಡ್ಯುಮಾರ್ಟಿಯೆರಾ. ಇದಕ್ಕೆ ಗಾಳಿ ಮನೆಯೂ ಇಲ್ಲ, ತೂತೂ ಇಲ್ಲ. ಬೆಳೆಯುವ ತುದಿಯ ಹತ್ತಿರ ಮಸೂರ ಹಿಡಿದರೆ ತೆಳುವಾದ ಬಲೆಯಂಥ ಗೆರೆಗಳು ಕಾಣುತ್ತವೆ. ಗಾಳಿ ಮನೆಯ ಗೋಡೆ ಕಟ್ಟಲು ಶುರು ಮಾಡಿ ಅರ್ಧಕ್ಕೆ ಬಿಟ್ಟ ಅಡಿಪಾಯ ಅದು. ಸದಾ ಒದ್ದೆ ಇರುವ ಜಾಗದಲ್ಲಿ ಆ ಮನೆ ಬೇಕಾಗಲಿಲ್ಲ. ಕಶ್ಯಪರು ಆಧಾರ ಅಂತ ತೋರಿಸುತ್ತಿದ್ದುದು ಇಂಥದ್ದನ್ನೇ. ಬೇಕಾಗಿದ್ದಷ್ಟು ಮಾತ್ರ ಕಿತ್ತು ನೋಡಿ, ಬಂಡೆ ಬೋಳಿಸಬೇಡಿ.

ಕಾನುಮನೆ:

ಹಲಸಿನ ಮರದ ತೊಗಟೆ ಮೇಲೆ ಕಂದು-ಕೆಂಪು ಬಣ್ಣದ ಸಣ್ಣ ಎಲೆಯ ಹಾವಸೆ ಥರದ್ದು ಇದೆ. ಬೇಸಿಗೆಯಲ್ಲಿ ಸತ್ತ ಹಾಗೆ ಒಣಗಿ, ಮೊದಲ ಮಳೆಗೆ ಎದ್ದು ಕೂರುತ್ತದೆ. ಅದೂ ಲಿವರ್‌ವರ್ಟಾ?

ಮಲೆಪಾಠ:

ಫ್ರುಲ್ಲಾನಿಯಾ ಇರಬೇಕು. ಹೌದು, ಲಿವರ್‌ವರ್ಟೇ, ಎಲೆ ಇರುವ ಜಾತಿ. ಮಗುಚಿ ನೋಡಿ, ಪ್ರತಿ ಎಲೆಯ ಅಡಿಗೆ ಟೊಪ್ಪಿಯಂಥ ಪುಟ್ಟ ಚೀಲ ಇರುತ್ತದೆ. ನೀರು ಹಿಡಿದಿಟ್ಟುಕೊಳ್ಳಲು. ಮ್ಯಾನ್ಮಾರಿನ ಕಚಿನ್ ಪ್ರದೇಶದ ಅಂಬರಿನಲ್ಲಿ, ಅಂದರೆ ಗಟ್ಟಿಯಾದ ಮರದ ಅಂಟಿನಲ್ಲಿ, ಸಿಕ್ಕಿಬಿದ್ದ ಫ್ರುಲ್ಲಾನಿಯಾ ಸುಮಾರು 9.9 ಕೋಟಿ ವರ್ಷದ್ದು. ಆ ಚೀಲವೂ ಹಾಗೇ ಉಳಿದಿದೆ. ಹೂ ಬಿಡುವ ಮರಗಳ ಕಾಡು ಹಬ್ಬಿದ ಮೇಲೆ ಮರದ ಮೇಲೆ, ಎಲೆಯ ಮೇಲೆ ಬದುಕುವ ಲಿವರ್‌ವರ್ಟ್‌ಗಳು ಜಾಸ್ತಿಯಾದವು. ಆಗುಂಬೆ ಕಾಡಿನಲ್ಲಿ ಎಲೆ ಮೇಲೆ ಅಂಟಿಕೊಂಡ ಹಸಿರು ಚಿತ್ತಾರ ನೋಡಿರುತ್ತೀರಿ, ಅವರೆಲ್ಲ ಈಚೆಗೆ ಬಂದವರು. ಹಳೇ ಗುಂಪಿನ ಹೊಸ ಸಂಸಾರ.

ಫ್ರುಲ್ಲಾನಿಯಾ ಕೈಯಲ್ಲಿ ಉಜ್ಜಬೇಡಿ, ಕೆಲವರಿಗೆ ತುರಿಕೆ ಆಗುತ್ತದೆ.

ಕರಿಕಲ್ಲು:

ಬೇರಿಲ್ಲದೆ ಕಲ್ಲಿನ ಮೇಲೆ ಮೊದಲ ಗಿಡ ಬದುಕಿದ್ದು ಹೇಗೆ ಅನ್ನೋದನ್ನೂ ಸೇರಿಸಿಬಿಡಿ. ನನಗೆ ಗೊತ್ತಿರೋದು ರೈನಿ. ಸ್ಕಾಟ್ಲೆಂಡಿನ ಆ ಕಲ್ಲಿನಲ್ಲಿ 40.7 ಕೋಟಿ ವರ್ಷ ಹಿಂದಿನ ಗಿಡಗಳ ಜೀವಕೋಶದೊಳಗೆ ಶಿಲೀಂಧ್ರ ಕವಲೊಡೆದು ಕೂತಿದೆ.

ಕೈಮಸೂರ:

ಲಿವರ್‌ವರ್ಟ್‌ನಲ್ಲೂ ಅದೇ ವ್ಯವಹಾರ ಈಗಲೂ ನಡೆಯುತ್ತಿದೆ. ಮಾರ್ಕಾಂಶಿಯಾ ಪಾಲಿಯೇಶಿಯಾ ಎಂಬ ಜಾತಿ ಶಿಲೀಂಧ್ರಕ್ಕೆ ಕೊಬ್ಬು ಕೊಡುತ್ತದೆ, ಅದು ಮಣ್ಣಿಂದ ರಂಜಕ ತಂದುಕೊಡುತ್ತದೆ. ಭತ್ತ, ಜೋಳ ಮಾಡಿಕೊಂಡಿರುವ ಒಪ್ಪಂದವೇ. ಎರಡೂ ಕಡೆ ಅದನ್ನು ನಡೆಸುವ ಜೀನ್‌ಗಳು ಒಂದೇ ಮೂಲದವು ಅಂತ 2021ರಲ್ಲಿ ಕಂಡಿತು. ಅಂದರೆ ಕವಲು ಒಡೆಯುವ ಮೊದಲೇ ಆ ಒಪ್ಪಂದ ಇತ್ತು. ಪ್ರಯೋಗಶಾಲೆಗಳ ಮೆಚ್ಚಿನ ಮಾರ್ಕಾಂಶಿಯಾ ಪಾಲಿಮಾರ್ಫಾ ಮಾತ್ರ ಇದನ್ನೂ ಬಿಟ್ಟುಬಿಟ್ಟಿದೆ.

ಒಪ್ಪದವನು:

ಎಲ್ಲ ಕಳಕೊಂಡವರ ಕಥೆಯೇ ಆಯಿತಲ್ಲ! ಅಜ್ಜಿ ಅಲ್ಲ ಅಂತ ಒಪ್ಪಿದೆ. ಇನ್ನೊಂದೇ ಕೇಳುತ್ತೇನೆ. 47 ಕೋಟಿ ವರ್ಷದ ಆ ಅಂಟಿಕೊಂಡ ಸ್ಪೋರ್‌ಗಳು ಹಾಗಾದರೆ ಯಾರದ್ದು?

ಕೈಮಸೂರ:

ಎರಡು ಕವಲೂ ಒಡೆಯುವ ಮುಂಚಿನ ಹಿರಿಯನದ್ದಿರಬಹುದು, ಒಡೆದ ಮೇಲೆ ಎರಡರಲ್ಲಿ ಯಾವುದರದ್ದೂ ಇರಬಹುದು, ಈಗ ಪೂರ್ತಿ ಅಳಿದುಹೋದ ಮೂರನೆಯದೂ ಇರಬಹುದು. ಸ್ಪೋರ್ ನಾಲ್ಕು ನಾಲ್ಕು ಅಂಟಿಕೊಂಡಿರೋದು ಮೊದಮೊದಲ ಗಿಡಗಳ ಸಾಮಾನ್ಯ ಗುಣ ಆಗಿದ್ದರೆ ಅದನ್ನು ಹಿಡಿದು ಲಿವರ್‌ವರ್ಟ್ ಅನ್ನೋಕೆ ಬರಲ್ಲ. ಡೆವೊನಿಯನ್ ಕಾಲದ (ಸುಮಾರು 42ರಿಂದ 36 ಕೋಟಿ ವರ್ಷ ಹಿಂದಿನ) ಕೆಲವು ಪುಟ್ಟ ಕಡ್ಡಿಗಿಡಗಳ ಚೀಲದೊಳಗೂ ಇಂಥ ಸ್ಪೋರ್ ಸಿಕ್ಕಿವೆ. ಅವು ಪಟ್ಟಿಗಿಡಗಳಲ್ಲ, ಕುಕ್ಸೋನಿಯಾ ಥರ ಕವಲೊಡೆದವು.

ಅಷ್ಟು ಹಳೇ ಪದರದಲ್ಲಿ ಸ್ಪೋರ್ ಮತ್ತು ಅದನ್ನು ಹೊತ್ತ ಮೈ ಒಟ್ಟಿಗೆ ಸಿಕ್ಕ ದಿನ ಈ ಚರ್ಚೆ ಮತ್ತೆ ತೆರೆಯೋಣ.